ಹತ್ತು ವರ್ಷ, ಒಂದೇ ಊರು, ಒಂದೇ ಗುಹೆ

ಡ್ರ್ಯಾಗನ್ ಏಜ್ ವಿಡಿಯೋ ಗೇಮ್ ಸರಣಿಯನ್ನು ಎಲ್ಲಿಂದ ಶುರು ಮಾಡಲಿ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಸಿದ್ಧವಾಗಿಯೇ ಇರುತ್ತದೆ. ಮೊದಲನೆಯದು, ಅಂದರೆ ಆರಿಜಿನ್ಸ್ ಆಡಿ. ಹಿಡಿಸಿದರೆ ಮೂರನೆಯದಕ್ಕೆ ಹೋಗಿ. 'ಹಾಗಾದರೆ ಎರಡನೆಯದು?' ಅಂದಾಗ ಮಾತ್ರ ರಾಗ ಎಳೆಯುತ್ತೇನೆ. ಆದರೆ ಬಿಡುವಾದಾಗ ನಾನೇ ಮತ್ತೆ ಆಡಲು ತೆರೆಯುವುದು ಆ ಎರಡನೆಯದನ್ನೇ. ಆರಿಜಿನ್ಸ್ ದೊಡ್ಡ ಆಟ, ತೂಕದ ಆಟ, ಅದರ ಬಗ್ಗೆ ಗೌರವವಿದೆ. ಆದರೂ ಅದರ ಭೂಗತ ಹಾದಿಗಳಲ್ಲಿ ಮತ್ತೆ ತಾಸುಗಟ್ಟಲೆ ನಡೆಯಲು ಕಾಲು ಏಳುವುದಿಲ್ಲ. ಡ್ರ್ಯಾಗನ್ ಏಜ್ 2ರ ಕುಂದುಗಳನ್ನು ಪಟ್ಟಿ ಮಾಡಲು ಹೊರಟರೆ ನನಗಿಂತ ಉದ್ದದ ಪಟ್ಟಿ ಕೊಡುವವರು ಕಡಿಮೆ. ಆದರೂ ಅದಕ್ಕೇ ಯಾಕೆ ಮರಳುತ್ತೇನೆ ಅನ್ನುವುದು ಬಹಳ ಕಾಲದಿಂದ ಕೊರೆಯುತ್ತಿದೆ. ತಪ್ಪುಗಳಿದ್ದರೂ ಇಷ್ಟ ಎಂದುಬಿಡಬಹುದು, ಎಲ್ಲರೂ ಹೇಳುವುದು ಅದನ್ನೇ. ನನಗೆ ಆ ಉತ್ತರ ಸಾಲದು. ಈ ಆಟದಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ತರಿಸುವ ಸಂಗತಿ, ಅತಿ ಹೆಚ್ಚು ಹಿಡಿಸಿದ ಸಂಗತಿ ಎರಡೂ ಒಂದೇ ಮೂಲದವು. ಒಂದೇ ಕಡೆ ಮತ್ತೆ ಮತ್ತೆ ಹೋಗುವುದು.

(ಕಥೆಯ ಗುಟ್ಟುಗಳೆಲ್ಲ ಮುಂದೆ ಬಯಲಾಗುತ್ತವೆ. 2011ರ ಆಟಕ್ಕೆ ಇನ್ನೂ ಎಚ್ಚರಿಕೆ ಕೊಡಬೇಕೆ ಗೊತ್ತಿಲ್ಲ, ಆದರೂ ಹೇಳಿದ್ದೇನೆ.)

ಆತುರದ ಕೂಸು

ಆರಿಜಿನ್ಸ್ ಘೋಷಣೆಯಾದದ್ದು 2004ರಲ್ಲಿ, ಬಂದದ್ದು 2009ರ ನವೆಂಬರ್‌ನಲ್ಲಿ. ಎರಡನೆಯದು ಬಂದದ್ದು 2011ರ ಮಾರ್ಚ್‌ನಲ್ಲಿ, ಅಂದರೆ 16 ತಿಂಗಳ ಅಂತರದಲ್ಲಿ. ಉಳಿದ ಕಥೆಯನ್ನು ಈ ಲೆಕ್ಕವೇ ಹೇಳುತ್ತದೆ. ಇಡೀ ದೇಶ ಸುತ್ತಿಸಿದ ಆಟದ ಮುಂದಿನ ಭಾಗ ಕರ್ಕ್‌ವಾಲ್ ಎಂಬ ಒಂದು ಊರಿನೊಳಗೆ ಕುಗ್ಗಿತು. ಎಲ್ಫ್, ಡ್ವಾರ್ಫ್ ಎಂದು ಆರು ಬಗೆಯ ಹುಟ್ಟಿನಿಂದ ಶುರುಮಾಡಬಹುದಾಗಿದ್ದವರಿಗೆ ಇಲ್ಲಿ ಸಿಕ್ಕಿದ್ದು ಹಾಕ್ ಎಂಬ ಮನೆತನದ ಹೆಸರು ಹೊತ್ತ ಮನುಷ್ಯ ಮಾತ್ರ. ಒಡನಾಡಿಗಳ ಕವಚ ಬದಲಿಸುವಂತಿಲ್ಲ. ಮೇಲಿನಿಂದ ರಣರಂಗ ನೋಡಿ ದಾಳ ಉರುಳಿಸುವಂತೆ ಯೋಚಿಸಲು ಬಿಡುತ್ತಿದ್ದ ಕ್ಯಾಮೆರಾ ನೆಲಕ್ಕಿಳಿಯಿತು. ಹಳೆಯ ಅಭಿಮಾನಿಗಳ ಆಕ್ರೋಶ ಎಷ್ಟಿತ್ತೆಂದರೆ ಆಟದ ಒಳ್ಳೆಯದನ್ನು ಹೇಳಹೊರಟವರು ಮೊದಲು ಕ್ಷಮೆ ಕೇಳಿ ಮಾತು ಶುರುಮಾಡಬೇಕಿತ್ತು.

ಕಾಳಗದ ಬಗ್ಗೆ ನನ್ನದು ಅರ್ಧ ದೂರು, ಅರ್ಧ ಮೆಚ್ಚುಗೆ. ಆರಿಜಿನ್ಸ್‌ನಲ್ಲಿ ಯೋಧ ಶತ್ರುವಿನ ಬಳಿ ಕಾಲೆಳೆದುಕೊಂಡು ಹೋಗಿ, ನಿಂತು, ಸಾವಕಾಶವಾಗಿ ಕತ್ತಿ ಎತ್ತುತ್ತಿದ್ದ. ಇಲ್ಲಿ ಗುಂಡಿ ಒತ್ತಿದ ಮರುಕ್ಷಣ ಏಟು ಬೀಳುತ್ತದೆ. ಮಂತ್ರಗಾರ ಶತ್ರುವನ್ನು ಹೆಪ್ಪುಗಟ್ಟಿಸಿದರೆ ಯೋಧ ಒಂದೇಟಿಗೆ ಪುಡಿಮಾಡುವಂಥ ಜೋಡಿ ಹೊಡೆತಗಳಿವೆ. ನಾಲ್ವರ ತಂಡವನ್ನು ಒಂದು ತಂಡವಾಗಿ ಆಡಿಸುವ ಖುಷಿ ಅದರಲ್ಲಿದೆ. ಇದನ್ನೆಲ್ಲ ಹಾಳುಮಾಡುವುದು ಅಲೆಗಳು. ಎದುರಿಗಿದ್ದವರು ಮುಗಿದರು ಅನ್ನುವಷ್ಟರಲ್ಲಿ ಇನ್ನೊಂದು ದಂಡು ಮಾಳಿಗೆಯಿಂದ ಧುಮುಕುತ್ತದೆ. ಮಾಳಿಗೆ ಇಲ್ಲದ ಕಡೆ ಶೂನ್ಯದಿಂದ. ಹುಷಾರಾಗಿ ಹಿಂದೆ ನಿಲ್ಲಿಸಿದ ಮಂತ್ರಗಾರ್ತಿಯ ಬೆನ್ನಿಗೇ ಅವರು ಹುಟ್ಟಿಕೊಳ್ಳುತ್ತಾರೆ. ಯಾರನ್ನು ಎಲ್ಲಿ ನಿಲ್ಲಿಸಬೇಕು ಎಂಬ ಯೋಚನೆಗೇ ಬೆಲೆ ಹೋದ ಮೇಲೆ ತಂತ್ರ ಎಂಬ ಮಾತಿಗೆ ಅರ್ಥವಿಲ್ಲ. ಇದರ ಬಗ್ಗೆ ಇಷ್ಟು ಸಾಕು.

ಆ ಗುಹೆ

ಗುಹೆಯ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಹೇಳಬೇಕು. ಆಡಿದವರಿಗೆ 'ಆ ಗುಹೆ' ಅಂದರೆ ಸಾಕು, ಕಣ್ಣಮುಂದೆ ಬರುತ್ತದೆ. ಊರಾಚೆಯ ಬೆಟ್ಟದಲ್ಲಿ ಜೇಡಗಳ ಗುಹೆ, ಕಡಲ ದಂಡೆಯಲ್ಲಿ ಕಳ್ಳಸಾಗಣೆದಾರರ ಗುಹೆ, ಗಣಿಯ ಪಕ್ಕ ಇನ್ನೊಂದು. ಹೆಸರು ಬೇರೆ, ಗುಹೆ ಅದೇ. ಅದೇ ತಿರುವು, ಅದೇ ಏರು, ಅದೇ ಮರದ ಹಲಗೆ ಸೇತುವೆ. ಒಂದೇ ಬದಲಾವಣೆ ಎಂದರೆ ಈ ಸಲ ಬೇಡದ ದಾರಿಗೆ ಒಂದು ಕಲ್ಲುಚಪ್ಪಡಿ ಅಡ್ಡ ನಿಂತಿರುತ್ತದೆ. ಮೂಲೆಯ ಪುಟ್ಟ ನಕ್ಷೆಗೆ ಆ ಸುಳ್ಳನ್ನು ಹೇಳಿಕೊಟ್ಟಿಲ್ಲ; ಅದು ಚಪ್ಪಡಿಯ ಆಚೆಗಿನ ದಾರಿಯನ್ನೂ ನಿಯತ್ತಾಗಿ ತೋರಿಸುತ್ತದೆ. ಊರೊಳಗಿನ ಶ್ರೀಮಂತರ ಮಹಲುಗಳದ್ದೂ ಇದೇ ಪಾಡು, ಉಗ್ರಾಣಗಳದ್ದೂ ಅಷ್ಟೇ. ಒಬ್ಬ ಶ್ರೀಮಂತನ ಮನೆಯ ಮೆಟ್ಟಿಲು ಗೊತ್ತಾದರೆ ಎಲ್ಲ ಶ್ರೀಮಂತರ ಮಲಗುವ ಕೋಣೆಯ ದಾರಿಯೂ ಗೊತ್ತಾದಂತೆ.

ಈ ಆಟಕ್ಕೆ ಇದರಿಂದ ಪಾರಾಗುವ ದಾರಿಯೊಂದು ತನ್ನ ಕೈಯಲ್ಲೇ ಇತ್ತು ಅನ್ನುವುದು ನನ್ನ ತಕರಾರು. ಕಥೆ ಹೇಳುತ್ತಿರುವವನು ವ್ಯಾರಿಕ್, ಹಾಕ್‌ನ ಡ್ವಾರ್ಫ್ ಗೆಳೆಯ. ಕಸ್ಸಾಂಡ್ರ ಎಂಬ ಅಧಿಕಾರಿಣಿ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಯುದ್ಧಕ್ಕೆ ಕಾರಣವಾದ ಆ ಮನುಷ್ಯ ಯಾರು, ನಿಜವಾಗಿ ನಡೆದದ್ದೇನು ಎಂದು ವಿಚಾರಣೆ ನಡೆಸುತ್ತಿದ್ದಾಳೆ. ಆಟದ ಮೊದಲ ಕಾಳಗದಲ್ಲೇ ಹಾಕ್ ರಾಕ್ಷಸರನ್ನು ಹುಲ್ಲಿನಂತೆ ಕೊಯ್ಯುತ್ತಾ ಹೋಗುವುದು, ಕಸ್ಸಾಂಡ್ರ ರೇಗಿ ತಡೆಯುವುದು, ಆಮೇಲೆ ಅದೇ ದೃಶ್ಯ ಸಾಧಾರಣ ಶಕ್ತಿಯೊಂದಿಗೆ ಮತ್ತೆ ಶುರುವಾಗುವುದು: ಇದಕ್ಕಿಂತ ಚಂದದ ಪೀಠಿಕೆಯನ್ನು ನಾನು ಆಟಗಳಲ್ಲಿ ಹೆಚ್ಚು ಕಂಡಿಲ್ಲ. ಮುಂದೆ ತನಗೆ ಮೋಸ ಮಾಡಿದ ಅಣ್ಣ ಬಾರ್ಟ್ರಾಂಡ್‌ನ ಮನೆಗೆ ವ್ಯಾರಿಕ್ ಒಬ್ಬನೇ ನುಗ್ಗಿ ಎಲ್ಲರನ್ನೂ ಉರುಳಿಸುವ ತುಣುಕೂ ಹಾಗೆಯೇ. ಆಡುತ್ತಿರುವವರಿಗೇ ಅನುಮಾನ ಬರುವಷ್ಟು ಸುಲಭವಾಗಿ ಗೆಲ್ಲುತ್ತಾ ಹೋಗುತ್ತಾನೆ, ಕಸ್ಸಾಂಡ್ರ ಮತ್ತೆ ತಡೆಯುತ್ತಾಳೆ. ಈ ಎರಡು ಬಿಟ್ಟರೆ ಬುರುಡೆ ಬಿಡುವ ನಿರೂಪಕ ಎಂಬ ಆ ಸೊಗಸಾದ ಉಪಾಯವನ್ನು ಆಟ ಮರೆತೇಬಿಡುತ್ತದೆ. ಗುಹೆ ಹೇಗಿತ್ತು ಎಂದು ಕಸ್ಸಾಂಡ್ರ ಕೇಳಿ, ಗುಹೆ ಗುಹೆಯಂತಿತ್ತು ಎಂದು ವ್ಯಾರಿಕ್ ಗೊಣಗಿದ್ದರೂ ಸಾಕಿತ್ತು, ನಾನು ನಕ್ಕು ಕ್ಷಮಿಸಿಬಿಡುತ್ತಿದ್ದೆ.

ಕುಲುಮೆಯ ಮನೆ

ಇನ್ನೊಂದು ಜಾಗದ ಮಾತಿಗೆ ಬರುತ್ತೇನೆ. ಕರ್ಕ್‌ವಾಲ್‌ನ ಬಡವರ ಕೇರಿ ಲೋಟೌನ್‌ನಲ್ಲಿ ಒಂದು ಹಳೆಯ ಕುಲುಮೆಯ ಕಾರ್ಖಾನೆ ಇದೆ. ಮೊದಲ ಅಂಕದಲ್ಲಿ ಊರಿನ ಹೆಂಗಸರು ಒಬ್ಬೊಬ್ಬರಾಗಿ ಕಾಣೆಯಾಗುತ್ತಿರುವ ಬಗ್ಗೆ ಒಂದು ಕ್ವೆಸ್ಟ್, ಅಂದರೆ ಆಟದೊಳಗಿನ ಒಂದು ಕೆಲಸ, ಸಿಗುತ್ತದೆ. ಎಮೆರಿಕ್ ಎಂಬ ವಯಸ್ಸಾದ ಟೆಂಪ್ಲರ್ (ಮಂತ್ರಗಾರರನ್ನು ಹದ್ದುಬಸ್ತಿನಲ್ಲಿಡುವ ಧರ್ಮಯೋಧ) ಒಬ್ಬನಿಗೆ ಬಿಟ್ಟರೆ ಆ ವಿಷಯ ಯಾರಿಗೂ ಬೇಕಾಗಿಲ್ಲ. ರಾತ್ರಿ ಹೊತ್ತು ಆ ಕಾರ್ಖಾನೆಗೆ ಹೋದರೆ ಒಂದಷ್ಟು ಕಾಳಗ, ಕೊನೆಗೆ ಕಾಣೆಯಾದವಳೊಬ್ಬಳ ಎಲುಬು, ಉಂಗುರ. ಉಂಗುರವನ್ನು ಗಂಡನಿಗೆ ಒಪ್ಪಿಸಿದರೆ ಕ್ವೆಸ್ಟ್ ಮುಗಿಯಿತು. ನೂರೆಂಟು ಸಣ್ಣ ಕ್ವೆಸ್ಟ್‌ಗಳ ನಡುವೆ ಇದೂ ಒಂದು, ಗುರುತು ಹಾಕಿ ಮುಂದಕ್ಕೆ ಹೋಗುತ್ತೇವೆ.

ಮೂರು ವರ್ಷ ಕಳೆಯುತ್ತದೆ. ಹಾಕ್ ಈಗ ಮೇಲುಕೇರಿಯ ಮಹಲಿನಲ್ಲಿದ್ದಾಳೆ (ನನ್ನ ಹಾಕ್ ಹೆಣ್ಣು). ಅಮ್ಮ ಲಿಯಾಂಡ್ರಾಳಿಗೆ ತವರಿನ ಮನೆ ವಾಪಸು ಸಿಕ್ಕಿದೆ. ಮತ್ತೆ ಮದುವೆಯಾಗುವ ಯೋಚನೆಯೂ ಅವಳಿಗೆ ಬರುತ್ತಿದೆ. ಎಮೆರಿಕ್ ಇನ್ನೂ ಹುಡುಕುತ್ತಲೇ ಇದ್ದ, ಹುಡುಕುತ್ತಲೇ ಕೊಲೆಯಾದ. ಕೊಲೆಗಾರನು ಹೆಂಗಸರಿಗೆ ಮೊದಲು ಬಿಳಿ ಲಿಲ್ಲಿ ಹೂ ಕಳಿಸುತ್ತಾನೆ ಎಂಬುದಷ್ಟು ಗೊತ್ತಾಗಿದೆ. ಒಂದು ದಿನ ಸೋದರಮಾವ ಗ್ಯಾಮ್ಲೆನ್ ಮನೆಗೆ ಬಂದು, ಅಕ್ಕ ವಾರಕ್ಕೊಮ್ಮೆ ಬರುವವಳು ಈ ಸಲ ಬರಲಿಲ್ಲವಲ್ಲ ಅನ್ನುತ್ತಾನೆ. ಮನೆಯಲ್ಲಿ ಬಿಳಿ ಲಿಲ್ಲಿ ಇದೆ. ರಕ್ತದ ಜಾಡು ಹಿಡಿದು ಓಡಿದರೆ ಅದು ತಲುಪಿಸುವುದು ಅದೇ ಕುಲುಮೆಯ ಕಾರ್ಖಾನೆಗೆ. ಈ ಸಲ ಅಲ್ಲೊಂದು ನೆಲಬಾಗಿಲು ಕಾಣುತ್ತದೆ.

ಮೊದಲ ಸಲ ಆಡುವಾಗ ಓಡಿಸುವ ಗುಂಡಿಯಿಂದ ನಾನು ಬೆರಳು ತೆಗೆದಿರಲಿಲ್ಲ. ಬೇಗ ಹೋದರೆ ಉಳಿಯುತ್ತಾಳೆ ಎಂದು ಆಟಗಳು ನಮಗೆ ಕಲಿಸಿವೆಯಲ್ಲ. ಕ್ವೆಂಟಿನ್ ಎಂಬ ಆ ಮಂತ್ರಗಾರ ಸತ್ತ ಹೆಂಡತಿಯನ್ನು ತುಂಡು ತುಂಡಾಗಿ ಜೋಡಿಸುತ್ತಿದ್ದಾನೆ; ಮುಖಕ್ಕೆ ಹೋಲಿಕೆಯಿದ್ದದ್ದು ಲಿಯಾಂಡ್ರಾಳದು. ಅವನನ್ನು ಕೊಂದ ಮೇಲೆ ಹೊಲಿಗೆ ಹಾಕಿದ ಆ ದೇಹ ಎರಡು ಹೆಜ್ಜೆ ತೂರಾಡುತ್ತಾ ಬಂದು ಮಗಳ ತೋಳಿನಲ್ಲಿ ಕುಸಿಯುತ್ತದೆ. ಏನು ಹೇಳಬೇಕೆಂದು ಆರಿಸುವ ಮಾತಿನ ಚಕ್ರ ಬರುತ್ತದೆ, ಅದರಲ್ಲಿ ಏನು ಆರಿಸಿದರೂ ನಡೆಯುವುದು ಒಂದೇ. ಬದಲಾಗುವುದು ಹಾಕ್ ಅದನ್ನು ಹೇಗೆ ಹೊತ್ತುಕೊಳ್ಳುತ್ತಾಳೆ ಅನ್ನುವುದಷ್ಟೇ. ಮನೆಗೆ ಮರಳಿದರೆ ಗ್ಯಾಮ್ಲೆನ್ ಕಾದಿರುತ್ತಾನೆ, ಅವನಿಗೆ ಹೇಳಬೇಕು. ಆಮೇಲೆ ಒಡನಾಡಿಗಳಲ್ಲೊಬ್ಬರು ಹಾಕ್‌ಳ ಕೋಣೆಗೆ ಬರುತ್ತಾರೆ. ಏನು ಹೇಳಬೇಕೋ ತಿಳಿಯದೆ, ಬಾಯಿಗೆ ಬಂದದ್ದನ್ನು ಹೇಳುತ್ತಾರೆ. ಸಂತಾಪ ಹೇಳುವವರ ಆ ತಡವರಿಕೆಯನ್ನು ಇಷ್ಟು ಸರಿಯಾಗಿ ಬರೆದ ಆಟ ಕಡಿಮೆ.

ಇಲ್ಲಿಯೂ ಬಳಸಿದ್ದು ಹಳೆಯ ಜಾಗವನ್ನೇ. ಹೊಸ ಕಟ್ಟಡ ಕಟ್ಟಿಲ್ಲ, ಹಳೆಯದಕ್ಕೆ ಒಂದು ಬಾಗಿಲು ಸೇರಿಸಿದ್ದಾರೆ, ಅಷ್ಟೇ. ಗುಹೆಯಲ್ಲಿ ಮೈ ಪರಚಿಕೊಳ್ಳುವಂತೆ ಮಾಡಿದ ಅದೇ ಮಿತವ್ಯಯ ಇಲ್ಲಿ ಎದೆಗೆ ಬಡಿಯುತ್ತದೆ. ಮೂರು ವರ್ಷದ ಹಿಂದೆ ಈ ನೆಲದ ಮೇಲೆ ನಿಂತು ಉಂಗುರ ಎತ್ತಿಕೊಂಡು ಹೋಗಿದ್ದೆವು ಎಂಬುದು ನಮಗೆ ನೆನಪಿದೆ, ಆಟಕ್ಕೂ ನೆನಪಿದೆ. ಗುಹೆಯಲ್ಲಾದರೆ ಹೋಗಿ ಬಂದ ಜಾಗಕ್ಕೇ ಕರೆದೊಯ್ದು, ನೀನಿಲ್ಲಿಗೆ ಬಂದೇ ಇಲ್ಲ ಎಂದು ನಮ್ಮನ್ನು ನಂಬಿಸಹೊರಡುತ್ತದೆ. ಮರಳಿ ಹೋಗುವುದರಲ್ಲಿ ತಪ್ಪೇನಿಲ್ಲ. ನನಗೆ ಸಿಟ್ಟು ಬರುವುದು ಆ ನಾಟಕಕ್ಕೆ.

ಕಾಲ ಕಳೆದರೆ ಆಗುವುದು

ಒಂದೇ ಊರಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ ಏನು ದಕ್ಕುತ್ತದೆ ಅನ್ನುವುದಕ್ಕೆ ಒಡನಾಡಿ ಅವೆಲಿನ್‌ಗಿಂತ ಒಳ್ಳೆಯ ಸಾಕ್ಷಿ ಬೇಡ. ಆಟದ ಮೊದಲ ಅರ್ಧ ಗಂಟೆಯಲ್ಲೇ ಅವಳ ಗಂಡ ವೆಸ್ಲಿ ರಾಕ್ಷಸರ ರಕ್ತದ ಸೋಂಕು ತಗುಲಿ ಸಾಯುತ್ತಾನೆ. ಕೊನೆಯ ಇರಿತ ಅವಳದ್ದೋ ನಿಮ್ಮದೋ ಎಂದು ಆರಿಸಬೇಕು. ಆಮೇಲೆ ಊರಿನ ಕಾವಲುಪಡೆ ಸೇರುತ್ತಾಳೆ, ಅದರ ನಾಯಕಿಯಾಗುತ್ತಾಳೆ. ಎರಡನೇ ಅಂಕದಲ್ಲಿ ತನ್ನ ಕೈಕೆಳಗಿನ ಡಾನಿಕ್ ಎಂಬವನ ಮೇಲೆ ಅವಳಿಗೆ ಮನಸ್ಸಾಗಿದೆ, ಹೇಳಲು ಬಾಯಿ ಬರುವುದಿಲ್ಲ. ಚೆಂಡುಹೂವಿನ ಚಿತ್ರ ಕೊರೆದ ತಾಮ್ರದ ತಗಡನ್ನು ಹಾಕ್ ಕೈಯಲ್ಲಿ ಕೊಟ್ಟು ಕಳಿಸುತ್ತಾಳೆ, ಮೂರು ಆಡು ಮತ್ತು ಒಂದು ಸಿವುಡು ಗೋಧಿಯ ವಿಷಯ ಮಾತಾಡುತ್ತಾಳೆ, ಕೊನೆಗೆ ಇಬ್ಬರೂ ಗಸ್ತು ತಿರುಗುವಾಗ ಕಳ್ಳಕಾಕರ ಕಾಟವಿರದಂತೆ ನಾವು ಮುಂದೆ ಮುಂದೆ ಹೋಗಿ ದಾರಿ ಸಾಫು ಮಾಡಬೇಕು. ಲೋಕ ಉಳಿಸುವ ಆಟಗಳಲ್ಲಿ ಇಂಥದಕ್ಕೆ ಬಿಡುವೆಲ್ಲಿ? ಆರಿಜಿನ್ಸ್‌ನ ವಾರ್ಡನ್‌ಗೆ ರಾಕ್ಷಸರ ಮಹಾಪಿಡುಗು ತಡೆಯುವುದಿತ್ತು. ವಿಧವೆಯೊಬ್ಬಳು ದುಃಖ ಆರಿಸಿಕೊಂಡು, ಕೆಲಸದಲ್ಲಿ ಮೇಲೆ ಬಂದು, ಮತ್ತೆ ನಾಚುವಷ್ಟು ಕಾಲ ಕಥೆಯಲ್ಲಿ ಹಿಡಿಸಬೇಕೆಂದರೆ ಕಥೆ ಒಂದು ಕಡೆ ಕೂರಬೇಕು.

ಸ್ನೇಹ ಮತ್ತು ಪೈಪೋಟಿಯ ಅಳತೆಗೋಲಿನ ಬಗ್ಗೆಯೂ ಹೇಳಲೇಬೇಕು, ಯಾಕೆಂದರೆ ಅದರ ನಂತರ ಬಂದ ಆಟಗಳಲ್ಲಿ ಅದನ್ನು ಕೈಬಿಟ್ಟದ್ದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆರಿಜಿನ್ಸ್‌ನಲ್ಲಿ ಒಡನಾಡಿಗೆ ಬೇಜಾರಾದರೆ ಉಡುಗೊರೆ ಕೊಟ್ಟು ಸರಿಮಾಡಿಕೊಳ್ಳಬಹುದಿತ್ತು. ಇಲ್ಲಿ ಎಲ್ಫ್ ಮಂತ್ರಗಾರ್ತಿ ಮೆರಿಲ್‌ಳ ಪ್ರತಿ ನಿರ್ಧಾರವನ್ನೂ ವಿರೋಧಿಸುತ್ತಾ ಹೋದರೆ ಅವಳು ದೂರವಾಗುವುದಿಲ್ಲ. ಪೈಪೋಟಿಯ ತುದಿ ಮುಟ್ಟಿದರೆ ಅದಕ್ಕೂ ಒಂದು ಬಗೆಯ ನಿಷ್ಠೆ ಇದೆ, ಪ್ರೇಮವೂ ಆಗಬಹುದು. ಜಗಳವಾಡುತ್ತಲೇ ಜೊತೆಗಿರುವವರಿಗೂ ಇಲ್ಲಿ ಜಾಗವಿದೆ. ಮಂತ್ರಗಾರರನ್ನು ಕಂಡರಾಗದ ಫೆನ್ರಿಸ್, ಮಂತ್ರಗಾರರ ಬಿಡುಗಡೆಯೇ ಉಸಿರಾದ ಆಂಡರ್ಸ್ ಇಬ್ಬರನ್ನೂ ಒಂದೇ ತಂಡದಲ್ಲಿ ಕಟ್ಟಿಕೊಂಡು ಊರು ಸುತ್ತಿದವರಿಗೆ ಗೊತ್ತು, ದಾರಿಯುದ್ದಕ್ಕೂ ಕಿವಿಗೆ ಬಿಡುವಿರುವುದಿಲ್ಲ.

ಇನ್ನು ಅರಿಶಾಕ್. ಹಡಗು ಒಡೆದು ಬಂದರಿನಲ್ಲಿ ಬೀಡುಬಿಟ್ಟ ಕುನಾರಿ ಎಂಬ ಪರದೇಶದ ಜನಾಂಗದ ಪಡೆಯ ದಂಡನಾಯಕ. ಕಳುವಾದ ಪವಿತ್ರ ಗ್ರಂಥವಿಲ್ಲದೆ ಊರಿಗೆ ಮರಳುವಂತಿಲ್ಲ. ಕದ್ದವಳು ಯಾರೆಂಬುದು ಗೊತ್ತಾಗುವಾಗ ಅವಳು ನಮ್ಮ ತಂಡದಲ್ಲೇ ಇದ್ದ ಇಸಬೆಲಾ. ವರ್ಷಗಟ್ಟಲೆ ಸುಮ್ಮನೆ ಕೂತು ಈ ಊರಿನ ಹೊಲಸನ್ನು ನೋಡುತ್ತಾ ನೋಡುತ್ತಾ ಅವನ ಸಹನೆ ಸವೆಯುವುದು ಇಡೀ ಸರಣಿಯ ಅತ್ಯುತ್ತಮ ಖಳನ ಕಥೆ, ಮತ್ತು ಅದೂ ಕಾಯುವಿಕೆಯ ಕಥೆಯೇ. ಕೊನೆಯ ದ್ವಂದ್ವಯುದ್ಧ ಘನಗಂಭೀರವಾಗಿ ಶುರುವಾಗಿ, ಅವನು ಗೂಳಿಯಂತೆ ನುಗ್ಗುವಾಗ ನಾನು ಕಂಬದ ಸುತ್ತ ಓಡಿ ಓಡಿ ಮದ್ದಿನ ಬಾಟಲಿಗೆ ಕಾಯುವಲ್ಲಿಗೆ ಬಂದು ನಿಂತಿತು ಅನ್ನುವುದು ಬೇರೆ ಮಾತು. ಊರಿನ ವೀರಳಾದದ್ದು ಹಾಗೆ.

ಮಾರುಕಟ್ಟೆಯಲ್ಲಿ ನಿಂತವರು

ಇಷ್ಟೆಲ್ಲ ಕಾಲ ಕಳೆದರೂ ಊರು ಮಾತ್ರ ಬದಲಾಗುವುದಿಲ್ಲ. ಒಂದು ಅಂಕ ಮುಗಿದು ಮೂರು ವರ್ಷ ಕಳೆಯಿತು ಎಂದು ವ್ಯಾರಿಕ್ ಹೇಳುತ್ತಾನೆ; ಲೋಟೌನ್‌ಗೆ ಇಳಿದರೆ ಮೂರು ವರ್ಷದ ಹಿಂದೆ ಗೋಡೆಗೆ ಒರಗಿ ನಿಂತಿದ್ದವನು ಅಲ್ಲೇ ಒರಗಿದ್ದಾನೆ. ಕುನಾರಿಗಳು ಊರಿಗೇ ಬೆಂಕಿಯಿಟ್ಟು, ಅರಮನೆಯಲ್ಲಿ ಊರಿನ ಅಧಿಪತಿ ವೈಕೌಂಟ್‌ನ ತಲೆ ಉರುಳಿಸಿದ ಮೇಲೂ ಅಂಗಡಿಗಳ ಚಪ್ಪರದ ಬಣ್ಣ ಮಾಸಿಲ್ಲ. ಒಡನಾಡಿಗಳ ಬಾಳಿನಲ್ಲಿ ಹರಿದ ಕಾಲ ಬೀದಿಗಳಿಗೆ ತಾಗಿಯೇ ಇಲ್ಲ. ಟೆವಿಂಟರ್ ಸಾಮ್ರಾಜ್ಯದ ಗುಲಾಮರ ಸಂತೆಯಾಗಿದ್ದ ಊರು, ಮುಖ ಮುಚ್ಚಿಕೊಂಡು ಅಳುವ ಗುಲಾಮರ ಪ್ರತಿಮೆಗಳನ್ನು ಇವತ್ತಿಗೂ ಹೊತ್ತು ನಿಂತ ಊರು. ಅಂಥ ಇತಿಹಾಸವಿರುವ ಜಾಗಕ್ಕೆ ವರ್ತಮಾನವೇ ಇಲ್ಲದಂತಾಗಿದೆ. ನನ್ನ ಮಟ್ಟಿಗೆ ಗುಹೆಗಿಂತ ದೊಡ್ಡ ಕುಂದು ಇದು. ಗುಹೆಗೆ ಅಪರೂಪಕ್ಕೆ ಹೋಗುತ್ತೇವೆ, ಮಾರುಕಟ್ಟೆ ದಾಟದೆ ದಿನ ಕಳೆಯುವುದಿಲ್ಲ.

ಆಯ್ಕೆಯ ಚಪ್ಪಡಿ

ಈ ಆಟದಲ್ಲಿ ನಮ್ಮ ಆಯ್ಕೆಗೆ ಬೆಲೆಯಿಲ್ಲ ಎಂಬ ದೂರು ಹಳೆಯದು. ನಾನು ಅದನ್ನು ಹಾಗೆಯೇ ಒಪ್ಪುವುದಿಲ್ಲ. ಹಾಕ್ ಯೋಧಳೋ ಕಳ್ಳಿಯೋ ಆಗಿದ್ದರೆ ಬದುಕಿ ಉಳಿಯುವುದು ಮಂತ್ರಗಾರ್ತಿ ತಂಗಿ ಬೆಥನಿ. ಅವಳನ್ನು ಭೂಗತ ಹಾದಿಗಳಾದ ಡೀಪ್ ರೋಡ್ಸ್‌ಗೆ ಕರೆದೊಯ್ದರೆ ಸೋಂಕು ತಗುಲಿ ಸಾಯುತ್ತಾಳೆ. ಜೊತೆಗೆ ಆಂಡರ್ಸ್ ಇದ್ದರೆ ರಾಕ್ಷಸರೊಡನೆ ಕಾದುವ ಗ್ರೇ ವಾರ್ಡನ್‌ಗಳ ಪಾಲಾಗುತ್ತಾಳೆ. ಅಮ್ಮನ ಮಾತು ಕೇಳಿ ಮನೆಯಲ್ಲೇ ಬಿಟ್ಟರೆ, ನಾವು ಮರಳುವ ಹೊತ್ತಿಗೆ ಟೆಂಪ್ಲರ್‌ಗಳು ಅವಳನ್ನು ಮಂತ್ರಗಾರರ ವಸತಿಗೆ ಒಯ್ಯಲು ಬಾಗಿಲಿಗೆ ಬಂದಿರುತ್ತಾರೆ. ಮೂರು ದಾರಿಯಲ್ಲೂ ಮನೆ ಖಾಲಿಯೇ. ಆದರೆ ಯಾವ ಬಗೆಯಲ್ಲಿ ಖಾಲಿ ಎಂಬುದು ನಮ್ಮದು, ಅದರ ಪರಿಣಾಮ ಮುಂದೆಲ್ಲ ಹಿಂಬಾಲಿಸುತ್ತದೆ. ಆಂಡರ್ಸ್ ಕೊನೆಗೆ ಮಾಡುವುದೂ ಅದೇ ಜಾತಿಯದು. ತನ್ನೊಳಗಿನ ಆತ್ಮದಿಂದ ಬಿಡುಗಡೆ ಪಡೆಯುವ ಮದ್ದಿಗೆಂದು ಸಾಮಾನು ಒಟ್ಟುಮಾಡಿಸುತ್ತಾನೆ. ನಾವು ಚರಂಡಿ ಅಲೆದು ತಂದುಕೊಟ್ಟದ್ದರಿಂದಲೇ ಚಾಂಟ್ರಿ ಎಂಬ ಊರಿನ ಪ್ರಾರ್ಥನಾ ಮಂದಿರ ಸ್ಫೋಟಗೊಳ್ಳುತ್ತದೆ. ತಂದುಕೊಡುವುದಿಲ್ಲ ಎಂದರೂ ಸ್ಫೋಟ ತಪ್ಪುವುದಿಲ್ಲ. ಆಮೇಲೆ ಅವನು ಬೆನ್ನು ತಿರುಗಿಸಿ ಪೆಟ್ಟಿಗೆಯೊಂದರ ಮೇಲೆ ಕೂರುತ್ತಾನೆ, ಕೊಲ್ಲುವುದೋ ಬಿಡುವುದೋ ನಮಗೆ ಸೇರಿದ್ದು. ಇವೆರಡರಲ್ಲೂ ಆಟ ನನಗೆ ಮೋಸ ಮಾಡಿದೆ ಅನ್ನಿಸಿಲ್ಲ. ತಡೆಯಲಾರೆ ಎಂದು ಅದು ನೇರವಾಗಿಯೇ ಹೇಳಿತು.

ಮೋಸ ಶುರುವಾಗುವುದು ಅದರ ಮರುಗಳಿಗೆ. ಮಂತ್ರಗಾರರ ಪರವೋ ಟೆಂಪ್ಲರ್‌ಗಳ ಪರವೋ ಆರಿಸು ಎಂದು ಆಟ ತಾಕೀತು ಮಾಡುತ್ತದೆ. ಇಡೀ ಮೂರನೇ ಅಂಕ ಇದಕ್ಕಾಗಿಯೇ ಕಾದದ್ದು. ನಾನು ಮಂತ್ರಗಾರರ ಪರ ನಿಂತೆ, ತಂಗಿ ಅವರ ಜೊತೆಗಿದ್ದಳು. ಕಾಳಗ ನಮ್ಮ ಕಡೆಗೇ ವಾಲುತ್ತಿರುವಾಗ ಅವರ ಮುಖಂಡ ಒರ್ಸಿನೊ, ಇನ್ನೇನೂ ದಾರಿಯಿಲ್ಲವೆಂದು ತನ್ನವರದೇ ಹೆಣಗಳನ್ನು ಮೈಗೆ ಕೂಡಿಸಿಕೊಂಡು ಮಾಂಸದ ಗುಡ್ಡೆಯಂಥ ಭೂತವಾಗಿ ನಮ್ಮ ಮೇಲೇ ಬೀಳುತ್ತಾನೆ. ಟೆಂಪ್ಲರ್‌ಗಳ ಪರ ನಿಂತರೂ ಅವನು ಹಾಗೇ ಆಗುತ್ತಾನೆ. ಅವನ ನಂತರ ಟೆಂಪ್ಲರ್ ನಾಯಕಿ ಮೆರೆಡಿತ್, ಕೆಂಪು ಲಿರಿಯಂ ಎಂಬ ಮಾಂತ್ರಿಕ ಖನಿಜದ ಕತ್ತಿ ಹಿಡಿದು, ಯಾವ ಪಕ್ಷದಲ್ಲಿದ್ದರೂ ನಮ್ಮ ಶತ್ರು. ಎರಡು ದಾರಿ ಎಂದು ತೋರಿಸಿದ್ದು ಒಂದೇ ಗುಹೆ, ಚಪ್ಪಡಿ ಮಾತ್ರ ಬೇರೆ ಕಡೆ.

ಒರ್ಸಿನೊ ವಿಷಯದಲ್ಲಿ ಹೊಟ್ಟೆ ಉರಿಯಲು ಇನ್ನೊಂದು ಕಾರಣವಿದೆ. ಕ್ವೆಂಟಿನ್‌ನ ಅಡಗುದಾಣದಲ್ಲಿ ಒಂದು ಕಾಗದ ಸಿಗುತ್ತದೆ, ಅವನಿಗೆ ಪುಸ್ತಕ ಒದಗಿಸುತ್ತಿದ್ದ ಸ್ನೇಹಿತ ಬರೆದದ್ದು, ಸಹಿ ಒಂದಕ್ಷರ ಮಾತ್ರ. ಆ ಸ್ನೇಹಿತ ಒರ್ಸಿನೊ. ಹೆಣಗಳನ್ನು ಕೂಡಿಸಿಕೊಳ್ಳುವ ವಿದ್ಯೆ ಅವನಿಗೆ ಬಂದದ್ದು ಅಮ್ಮನನ್ನು ಕೊಂದವನಿಂದ. ಇದಕ್ಕಿಂತ ದೊಡ್ಡ ಆಯುಧ ಕಥೆಯ ಕೈಯಲ್ಲಿರಲಿಲ್ಲ. ಮಂತ್ರಗಾರರ ಪರ ನಿಲ್ಲುವ ಮೊದಲೇ ಇದು ಹಾಕ್‌ಗೆ ಗೊತ್ತಾಗಿದ್ದರೆ, ಆ ಮನುಷ್ಯನ ಮುಖ ನೋಡುತ್ತಲೇ ಅವನ ಜನರನ್ನು ಕಾಯಬೇಕಾಗಿ ಬಂದಿದ್ದರೆ, ಅದು ಆಯ್ಕೆಯಾಗುತ್ತಿತ್ತು. ಆಟ ಅದನ್ನು ಭೂತವಾಗುವ ಮುಂಚಿನ ಒಂದೆರಡು ಸಾಲಿನಲ್ಲಿ ಉದುರಿಸಿ, ಬಾಸ್ ಫೈಟ್‌ಗೆ ಓಡುತ್ತದೆ. ಕಾಗದವನ್ನು ಗಮನಿಸದವರಿಗೆ ಆ ಸಾಲು ಯಾರ ಬಗ್ಗೆ ಎಂಬುದೂ ತಲೆಗೆ ಹೋಗಲಿಕ್ಕಿಲ್ಲ.

2014ರಲ್ಲಿ ಮೂರನೆಯದಾದ ಇನ್‌ಕ್ವಿಸಿಷನ್ ಬಂದಾಗ ಗುಹೆಯ ದೂರಿಗೆ ಉತ್ತರ ಸಿಕ್ಕಿತು. ಕಣ್ಣು ಹಾಯಿಸಿದಷ್ಟು ದೂರ ಬಯಲು, ಕಾಡು, ಮರುಭೂಮಿ, ಒಂದರಂತೆ ಒಂದಿಲ್ಲ. ಹಿಂಟರ್‌ಲ್ಯಾಂಡ್ಸ್ ಎಂಬ ಮೊದಲ ಪ್ರದೇಶದಲ್ಲೇ ಸೊಪ್ಪು ಕೀಳುತ್ತಾ ಕೀಳುತ್ತಾ ಕಥೆ ಮರೆತವರಲ್ಲಿ ನಾನೂ ಒಬ್ಬ. ಅಭಿಮಾನಿಗಳು ಕೇಳಿದ್ದನ್ನೇ ಕೊಟ್ಟರು, ತಪ್ಪು ಹೇಳುವಂತಿಲ್ಲ. ಕರ್ಕ್‌ವಾಲ್‌ಗೆಂದೇ ಯೋಚಿಸಿದ್ದ ದೊಡ್ಡ ವಿಸ್ತರಣೆಯನ್ನು ಕೈಬಿಟ್ಟರು. ಅದಕ್ಕೂ ಮುಂಚೆ ಬಂದ ಲೆಗಸಿ ಎಂಬ ಸಣ್ಣ ತುಣುಕಿನಲ್ಲಿ ಹೊಸ ಜಾಗ, ಹದವಾದ ಕಾಳಗ, ಹಾಕ್‌ಳ ಅಪ್ಪನ ಹಳೆಯ ಗುಟ್ಟು ಎಲ್ಲ ಇದ್ದವು. ಸಮಯ ಸಿಕ್ಕಿದ್ದರೆ ಇದೇ ತಂಡ ಏನು ಮಾಡುತ್ತಿತ್ತು ಎಂಬುದಕ್ಕೆ ಅದನ್ನು ಆಡಿ ನೋಡಬಹುದು.

ಯಾರಾದರೂ ಈ ಆಟವನ್ನು ಮತ್ತೆ ಕಟ್ಟುತ್ತೇವೆ, ಏನು ಸರಿಮಾಡೋಣ ಎಂದು ನನ್ನನ್ನು ಕೇಳಿದರೆ ಗುಹೆಗಳನ್ನು ಮುಟ್ಟಬೇಡಿ ಅನ್ನುತ್ತೇನೆ, ಅವಕ್ಕೆ ಒಂದೇ ಹೆಸರಿಟ್ಟರೆ ಸಾಕು. ಮೊದಲು ಮಾರುಕಟ್ಟೆಯಲ್ಲಿ ಒರಗಿ ನಿಂತವನನ್ನು ಎರಡನೇ ಅಂಕದ ಹೊತ್ತಿಗೆ ಅಲ್ಲಿಂದ ಎಬ್ಬಿಸಿ, ಮೂರನೆಯದರಲ್ಲಿ ಅವನ ಮಗನನ್ನು ಅಲ್ಲಿ ನಿಲ್ಲಿಸಿ. ಆಮೇಲೆ ಒರ್ಸಿನೊನನ್ನು ಮನುಷ್ಯನಾಗಿಯೇ ಉಳಿಸಿ, ಆ ಕಾಗದ ಹಿಡಿದು ಹಾಕ್ ಅವನ ಕೋಣೆಗೆ ಹೋಗುವ ಒಂದು ದೃಶ್ಯ ಬರೆಯಿರಿ. ಶತ್ರುಗಳು ಮಾಳಿಗೆಯಿಂದ ಧುಮುಕುವುದಿದ್ದರೆ ಧುಮುಕಲಿ, ಮಾಳಿಗೆ ಇರುವ ಕಡೆ ಮಾತ್ರ.